ಕೆಂಪು ಗುಳಿಗೆಗೂ ಮೊದಲಿನ ನಾಲ್ಕು ದಿನ

ಆಗಿನ್ನೂ ನಮ್ಮ ಓಣಿಯಲ್ಲಿ ಮನೆಗೊಂದು ಪಾಯಖಾನೆ ಎಂಬುದು ಹೊಸತು. ಶಹಾಬಾದ ಪಕ್ಕದ ನಮ್ಮೂರಲ್ಲಿ ನೆಲ, ಗೋಡೆ, ಕಟ್ಟೆ ಎಲ್ಲವೂ ಕಪ್ಪು ಫರಸಿಕಲ್ಲು. ಇಡೀ ಮನೆಯಲ್ಲಿ ಬೆಳ್ಳಗಿದ್ದದ್ದು ಪಾಯಖಾನೆಯ ಬೇಸಿನ್ ಒಂದೇ. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಬಯಲಿಗೆ ಹೋಗುವುದನ್ನು ಬಿಟ್ಟದ್ದು ಮೊಣಕಾಲು ನೋವಿನಿಂದ. ಆಯುಷ್ಯವೆಲ್ಲ ಗಣಿಯಲ್ಲಿ ಕಲ್ಲು ಎತ್ತಿದ ಕಾಲು ಅವು. ತುಂಬಿದ ಬಕೆಟ್ ಎತ್ತಲು ಅವನಿಗೆ ಆಗುತ್ತಿರಲಿಲ್ಲ. ಅವನು ಹೋಗಿಬಂದ ಮೇಲೆ ನೀರು ಸುರಿಯುವುದು ನನ್ನ ಕೆಲಸ. ನನಗೆ ಒಂಬತ್ತು ವರ್ಷ.

ತೊಗರಿ ಬಲಿತಿದ್ದ ಚಳಿಗಾಲ. ಶಾಲೆ ಬಿಟ್ಟ ಮೇಲೆ ಫರಸಿಯ ಚೂರಿನಿಂದ ಕುಂಟಾಬಿಲ್ಲೆ ಆಡುತ್ತಿದ್ದೆವು. ಉಪ್ಪು ಹಾಕಿ ಕುದಿಸಿದ ತೊಗರಿಕಾಯಿಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ಮುತ್ಯಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ಒಂದು, ಮಧ್ಯಾಹ್ನ ಒಂದು ನೋವಿನ ಗುಳಿಗೆ ನುಂಗುತ್ತಿದ್ದ. ಕಿರಾಣಿ ಅಂಗಡಿಯಿಂದ ಅವನ್ನು ತರುತ್ತಿದ್ದವಳೂ ನಾನೇ.

ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಎಳ್ಳಮಾಸಿಗೆ ಹತ್ತು ದಿನ ಇದ್ದಾಗ, ಒಂದು ಸೋಮವಾರ, ಬಿಳಿ ಬೇಸಿನ್‌ನಲ್ಲಿ ಕಪ್ಪು ಕಂಡೆ. ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಒಂದು ಬಕೆಟ್ ನೀರಿಗೆ ಹೋಗಲಿಲ್ಲ. ವಾಸನೆಯೂ ದಿನದ್ದಲ್ಲ.

"ಮುತ್ಯಾ, ಕರ್ರಗ ಆಗ್ಯಾದ."

"ಗಣಿ ಧೂಳ ತಿಂದ ಹೊಟ್ಟಿ ಅದ ಯವ್ವಾ. ಈಗ ಕಲ್ಲ ಹೊರಗ ಬರಲಿಕತ್ತದ," ಎಂದು ನಕ್ಕ. ಆಮೇಲೆ ದನಿ ಇಳಿಸಿದ: "ಯಾರಿಗಿ ಹೇಳಬ್ಯಾಡ. ಹೇಳಿದ್ರ ನನಗ ದವಾಖಾನಿಗಿ ಒಯ್ತಾರ. ಎಳ್ಳಮಾಸಿಗಿ ನಿನಗ ಬಂಡ್ಯಾಗ ಮುಂದ ಕುಂದ್ರಸೋರು ಯಾರು?"

ನಾನು ಹೇಳಲಿಲ್ಲ. ಮಂಗಳವಾರ, ಬುಧವಾರ, ಗುರುವಾರವೂ ಎರಡೆರಡು ಬಕೆಟ್ ಸುರಿದೆ.

ಶುಕ್ರವಾರ ಮುತ್ಯಾ ಕಟ್ಟೆಯಿಂದ ಏಳಲು ಹೋಗಿ ತಲೆ ತಿರುಗಿ ಕುಸಿದು ಕುಳಿತ. ಮುಖ ಬಿಳಿಚಿಕೊಂಡಿತ್ತು. ನಮ್ಮ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಹಡೆದು ಎರಡು ತಿಂಗಳಾಗಿತ್ತು. ರಕ್ತ ಹೆಚ್ಚಲೆಂದು ನರ್ಸಬಾಯಿ ಆಕೆಗೆ ಕೊಟ್ಟ ಕೆಂಪು ಗುಳಿಗೆಗಳು ಗೋಡೆಯ ಮಾಡದಲ್ಲಿದ್ದವು. ಆಯಿ, ನಮ್ಮ ಅಜ್ಜಿ, ಅದರಲ್ಲೊಂದನ್ನು ಮುತ್ಯಾನಿಗೆ ಕೊಟ್ಟಳು. ಅಂದಿನಿಂದ ದಿನಾ ಕೊಟ್ಟಳು.

ಮರು ಸೋಮವಾರ ನರ್ಸಬಾಯಿ ಕೂಸನ್ನು ನೋಡಲು ಬಂದಾಗ ಆಯಿಯೇ ಮಾತು ತೆಗೆದಳು.

"ಬಾಯಾರ, ನಮ್ಮ ಮುದುಕಗ ಕರ್ರಗ ಹೊಂಟದ ನೋಡ್ರಿ. ನಿನ್ನಿ ಧೋತರ ಒಗಿಯಾಗ ಕಂಡೀನಿ."

"ಈ ಕೆಂಪು ಗುಳಿಗಿ ತಗೋತಾರೇನ್ರಿ?"

"ಹೂನ್ರಿ, ನಾನೇ ಕೊಡ್ತೀನಿ."

"ಗುಳಿಗಿ ಶುರು ಮಾಡಿದ ಮ್ಯಾಲೇ ಹಿಂಗಾಗಿದ್ದು, ಹೌದಿಲ್ರಿ?"

"ಹೌದ್ರಿ," ಎಂದಳು ಆಯಿ. ಆಕೆಗೆ ಗೊತ್ತಿದ್ದದ್ದು ಅಷ್ಟೇ.

"ಹಂಗಾದ್ರ ಅದರದೇ. ಅಂಜಬ್ಯಾಡ್ರಿ."

ನರ್ಸಬಾಯಿ ಸುಳ್ಳು ಹೇಳಿರಲಿಲ್ಲ. ಆ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಮುತ್ಯಾನಿಗೆ ಕಪ್ಪು ಬಂದದ್ದು ಗುಳಿಗೆಗಿಂತ ನಾಲ್ಕು ದಿನ ಮೊದಲು. ನಾನು ಆಕೆಗೆ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮುತ್ಯಾ ನನ್ನತ್ತ ನೋಡಿದ. ಎಳ್ಳಮಾಸಿಗೆ ಮೂರೇ ದಿನ ಇತ್ತು. ನಾನು ಚಹಾ ಕೊಟ್ಟು ಒಳಗೆ ಹೋದೆ.

ಹಬ್ಬದ ದಿನ ಬಂಡಿಯಲ್ಲಿ ಮುತ್ಯಾ ನನ್ನನ್ನು ಮುಂದೆಯೇ ಕೂರಿಸಿದ. ಹೊಲದಲ್ಲಿ ಭಜ್ಜಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ. ಅವನು ಒಂದು ತುತ್ತು ತಿಂದು ಉಳಿದದ್ದನ್ನು ನನ್ನ ತಟ್ಟೆಗೆ ಹಾಕಿದ. ಮರುದಿನ ಬೆಳಿಗ್ಗೆ ರಕ್ತ ಕಾರಿದ. ಜೀಪಿನಲ್ಲಿ ಕಲಬುರಗಿಗೆ ಒಯ್ದರು. ಮಕ್ಕಳನ್ನು ಮನೆಯಲ್ಲೇ ಬಿಟ್ಟರು.

ಯಾವತ್ತಿನಿಂದ ಕಪ್ಪಗೆ ಹೋಗುತ್ತಿದೆ ಎಂದು ಡಾಕ್ಟರು ಮೊದಲು ಕೇಳಿದರಂತೆ. ಅಪ್ಪ, "ಕೆಂಪು ಗುಳಿಗಿ ತಗೊಂಡಾಗಿಂದ್ರಿ," ಎಂದನಂತೆ. ಸರಿಯಾದ ಉತ್ತರ ಗೊತ್ತಿದ್ದವಳು ಊರಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆ. ನೋವಿನ ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಒಳಗೇ ಸೋರಿದ ರಕ್ತ ಕರುಳಲ್ಲಿ ಇಳಿಯುತ್ತ ಕಪ್ಪಾಗುತ್ತದೆ, ಅಂಟಾಗುತ್ತದೆ, ನಾರುತ್ತದೆ. ಇದೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಮೂರನೇ ದಿನ ಮುತ್ಯಾನ ಹೆಣ ತಂದರು.

ಈಗ ಆ ಮನೆಯಲ್ಲಿ ಟೈಲ್ಸ್ ಇದೆ, ಕಮೋಡ್ ಇದೆ. ಯಾರ ಹಿಂದೆಯೂ ನೀರು ಸುರಿಯುವವರು ಬೇಕಿಲ್ಲ. ಅಪ್ಪನಿಗೂ ಮೊಣಕಾಲು ನೋವು ಶುರುವಾಗಿದೆ; ಬೇಡವೆಂದರೂ ಅದೇ ಬಗೆಯ ಗುಳಿಗೆಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆ. ನಾನು ಬೇರೆ ಊರಲ್ಲಿದ್ದೇನೆ. ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತೇನೆ.

"ಅಪ್ಪಾ, ಸಂಡಾಸ ಬಣ್ಣ ಹ್ಯಾಂಗದ?"

"ಯಾರ್ ನೋಡ್ತಾರವ್ವ? ಬಟನ್ ಒತ್ತಿದ್ರ ಹೋಗ್ತದ."