ತಮ್ಮನಿಗೆ ಇಟ್ಟ ಎಡೆ

ಭಕ್ತ ಬಂಧುಗಳೇ, ನಾನು ಐದನೇ ಕ್ಲಾಸು ಓದಿದವಳು. ಬದುಕಿದ್ದ ತಮ್ಮನನ್ನು ಸತ್ತವರ ಸಾಲಿನಲ್ಲಿ ಕೂರಿಸಿದ ಪಾಪಿ. ಅದನ್ನು ಮುಚ್ಚಿಟ್ಟರೆ ಕರಿಯಮ್ಮ ತಾಯಿಯ ಕರುಣೆಯನ್ನೂ ಮುಚ್ಚಿಟ್ಟಂತೆ.

ತಮ್ಮ ರುದ್ರೇಶ ಊರ ನಾಟಕದಲ್ಲಿ ಬಣ್ಣ ಹಚ್ಚಿ, ಮುಂಬೈಗೆ ಹೋಗಿ, ಆಮೇಲೆ ಪರದೇಶದ ಸಿನಿಮಾ ಸೇರಿದ. ಮೊದಮೊದಲು ಸಿಕ್ಕಿದ್ದೆಲ್ಲ ಹೆಣದ ಪಾತ್ರ. "ಉಸಿರು ಬಿಗಿಹಿಡಿದು ಮಲಗೋದೇ ನನ್ ಕಸುಬು ಕಣಕ್ಕ" ಎಂದು ನಗುತ್ತಿದ್ದ. ಮುಂದೆ ನಾಯಕನಾದ, ನಾಲ್ಕಾರು ದೇಶಗಳಲ್ಲಿ ಹೆಸರಾಯಿತು. ಹೋದ ವರ್ಷ ಅವ್ವ ತೀರಿಕೊಂಡಾಗ ಮಾತ್ರ ಶೂಟಿಂಗ್ ಬಿಟ್ಟು ಮಣ್ಣಿಗೆ ಬರಲಿಲ್ಲ.

ನನ್ನ ಸಿಟ್ಟು ಆರಲಿಲ್ಲ. ಪಿತೃಪಕ್ಷದ ಅಮಾವಾಸ್ಯೆಗೆ ಹೊಸದುರ್ಗದಿಂದ ಜವನಗೊಂಡನಹಳ್ಳಿಯ ತವರುಮನೆಗೆ ಹೋಗಿ, ಅವ್ವನಿಗೆ ಎಡೆ ಇಟ್ಟೆ. ಪಕ್ಕದಲ್ಲಿ ಅವನ ಹೆಸರಿಗೂ ಒಂದು ಎಲೆ ಹಾಕಿದೆ. ಸಿಟ್ಟಿನ ಭರದಲ್ಲಿ ಆ ಎಲೆಗೆ ಉಪ್ಪು ಬಡಿಸುವುದು ಮರೆತುಹೋಯಿತು. ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದೆ. ಅವನ ಎಲೆ ಜರುಗಿ ಅವ್ವನ ಎಲೆಯ ಮೇಲೆ ಕೂತಿತ್ತು. ಗಾಳಿ ಎಂದುಕೊಂಡೆ.

ಮರುದಿನ ಫೋನ್ ಬಂತು. ನೀರಿನೊಳಗಿನ ಶೂಟಿಂಗಿನಲ್ಲಿ ಮುಳುಗಿದವನು ಮೇಲೇಳಲಿಲ್ಲವಂತೆ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲ. ಎಂಟು ದಿನ ಆ ಎಲೆಯ ಸಂಗತಿ ಯಾರಿಗೂ ಹೇಳದೆ ಮುಚ್ಚಿಟ್ಟೆ ನಾನು. ಒಂಬತ್ತನೆಯ ದಿನ ತವರಿಗೆ ಹೋಗಲು ಹಿರಿಯೂರಿನ ಬಸ್ ಹತ್ತಿದೆ. ಪಕ್ಕದ ಹೆಂಗಸು ಫೋನಿನಲ್ಲಿ ಅವನು ಹೆಣವಾಗಿ ಮಲಗಿದ್ದ ಹಳೆಯ ಸಿನಿಮಾ ನೋಡುತ್ತಿದ್ದಳು. "ನೋಡ್ರಿ, ಎಷ್ಟೊತ್ತಾದ್ರೂ ಎದೆ ಮಿಸುಕಲ್ಲ ಇವ್ನಿಗೆ" ಎಂದಳು.

ತವರೂರಿನ ಗುಡಿಯಲ್ಲಿ ಕರಿಯಮ್ಮನ ಮುಂದೆ, ಊರವರು ನಿಂತಿರುವಾಗಲೇ, ಎಲ್ಲ ಹೇಳಿ ಅಡ್ಡಬಿದ್ದೆ. ಉಪ್ಪಿನ ಮಾತೊಂದನ್ನು ಬಿಟ್ಟು.

"ಎಂಥಾ ಕೆಲ್ಸ ಮಾಡ್ದೆ ತಾಯಿ" ಎಂದರು ಪೂಜಾರಜ್ಜ. "ಏಳು. ಬಿಸಿ ಅಡಿಗೆ ಮಾಡು. ಬದುಕಿರೋರನ್ನ ಕರೆಯಂಗೆ ಅವನನ್ನ ಊಟಕ್ಕೆ ಕರಿ."

ಮುದ್ದೆ, ಹುರುಳಿ ಸಾರು ಮಾಡಿ ತವರುಮನೆಯ ಹೊಸ್ತಿಲಲ್ಲಿ ನಿಂತೆ. "ಲೇ ರುದ್ರಾ, ಮುದ್ದೆ ಆರ್ತೈತೆ, ಬಾರೋ." ಮೂರು ಸಲ ಕರೆದೆ. ಖಾಲಿ ಬೀದಿ. ಆದರೂ ಯಾರೋ ಪಕ್ಕದಲ್ಲೇ ಒಳಗೆ ಹಾದುಹೋದಂತೆ ಸೆರಗು ಅಲುಗಿತು.

ಬೆಳಗ್ಗೆ ಅವನದೇ ಫೋನ್. ದನಿ ಒಣಗಿತ್ತು.

"ಅಕ್ಕ, ಎಚ್ಚರ ಇಲ್ದಾಗ ಸತ್ತೋದ ಮುದುಕರ ಸಾಲಲ್ಲಿ ಕುಂತಿದ್ದೆ. ಉಣ್ಣಾಕೆ ಕೈಯಿಟ್ರೆ ಅವ್ವ ಎಲೆ ಎಳ್ಕಂಡ್ಲು. ಉಪ್ಪಿಲ್ಲ, ಉಣಬ್ಯಾಡ, ನಿಮ್ಮಕ್ಕ ಬಿಸೇದು ಮಾಡಿ ಕರೀತಾಳೆ ಅಂದ್ಲು. ನೀನು ಕರೆದಿದ್ದು ಕೇಳಿಸ್ತು."

ಈ ವರ್ಷ ಪಿತೃಪಕ್ಷಕ್ಕೆ ರುದ್ರೇಶ ಬಂದು, ನನ್ನ ಬಾಯಿಂದಲೇ ನನ್ನ ತಪ್ಪು ಕೇಳಿದ. ಆಮೇಲೆ ಅವ್ವನ ಎಡೆಯನ್ನು ತಾನೇ ಇಟ್ಟ. "ಉಪ್ಪು ಕೊಡಕ್ಕ" ಎಂದು ಕೈ ಚಾಚಿದ.

ಸಿಟ್ಟಿನಲ್ಲಿ ಬಡಿಸಿದ್ದನ್ನು ಅವ್ವನ ಕೈಯಿಂದ ಎಳೆಸಿದವಳು ಕರಿಯಮ್ಮ. ಬದುಕಿರುವವರನ್ನು ಊಟಕ್ಕೆ ಕರೆಯಿರಿ ಬಂಧುಗಳೇ. ತಾಯಿ ಆ ಕೂಗನ್ನು ತಲುಪಿಸುತ್ತಾಳೆ.