ಟಬ್ ಕಿತ್ತ ಜಾಗದಲ್ಲಿ ನೆಲ ಹಾಸುವಾಕೆ

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಮನೆಯೊಂದರ ಬಚ್ಚಲಿನಲ್ಲಿ, ಎಲ್ಲರೂ ಟೈಲ್ಸ್ ಅಕ್ಕ ಎಂದೇ ಕರೆಯುವ ಹೆಂಗಸು ಮಂಡಿಯೂರಿ ಕೂತು, ಗೋಡೆಯ ಮೇಲಿನ ಪೆನ್ಸಿಲ್ ಗೆರೆಗೆ ಟಾರ್ಚ್ ಹಿಡಿದಿದ್ದಾರೆ. ನಿನ್ನೆ ಇದೇ ಹೊತ್ತಿಗೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಆ ಮಟ್ಟಕ್ಕೆ ಗೆರೆ ಎಳೆದು ಹೋಗಿದ್ದರು. ಈಗ ನೀರು ಗೆರೆಗಿಂತ ಉಗುರಿನಷ್ಟು ಕೆಳಗಿದೆ.

“ಎಲ್ಲೋ ಕುಡೀತಿದೆ,” ಅನ್ನುತ್ತಾರೆ.

ಮನೆಯೊಡತಿ ಶಾಲಾ ಟೀಚರ್. ಬಾಗಿಲಲ್ಲೇ ನಿಂತು ಕೇಳುತ್ತಾರೆ: “ಇಷ್ಟಕ್ಕೇ ಮತ್ತೆ ಒಡೀತೀರಾ? ಹೇಗೂ ಮೇಲೆ ಟೈಲ್ಸ್ ಬರತ್ತಲ್ಲ, ಮುಚ್ಚಿಹೋಗತ್ತೆ.”

“ಮುಚ್ಚತ್ತೆ, ಸೋರೋದು ನಿಲ್ಲಲ್ಲ. ಕೆಳಗಿನ ಮನೆಯವರ ಮಂಚ ಸರಿಯಾಗಿ ಇದರ ಕೆಳಗೇ ಇದೆ. ಎರಡು ದಿನ ಕೊಡಿ ಟೀಚರೇ. ಅದಕ್ಕೆ ಕೂಲಿ ಬೇಡ.”

ಐವತ್ತಮೂರರ ಟೈಲ್ಸ್ ಅಕ್ಕ ಈ ಕೆಲಸಕ್ಕೆ ಇಳಿದದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಟೈಲ್ಸ್ ಕೂರಿಸುತ್ತಿದ್ದುದು ಗಂಡ. ಇವರು ಸಿಮೆಂಟ್ ಕಲಸಿಕೊಡುತ್ತಿದ್ದರು. ಗಂಡನ ಮಂಡಿ ಸವೆದು, ಕೂತರೆ ಏಳಲಾಗದ ಸ್ಥಿತಿ ಬಂದಾಗ ಒಂದು ಮನೆಯ ಕೆಲಸ ಅರ್ಧಕ್ಕೇ ನಿಂತಿತ್ತು. “ಯಜಮಾನರು ಕುರ್ಚಿ ಮೇಲೆ ಕೂತು ಬೈತಿದ್ರು, ನಾನು ನೆಲದ ಮೇಲೆ ಕೂತು ಹಾಸ್ತಿದ್ದೆ. ಹನ್ನೊಂದು ದಿನ ಬೈಸ್ಕೊಂಡೆ. ಕೆಲಸ ಬಂತು,” ಎಂದು ನಗುತ್ತಾರೆ. ಈಗಲೂ ಪ್ರತಿ ಬಚ್ಚಲಿನ ನಕ್ಷೆಯನ್ನು ಗಂಡನೇ ಚೌಕುಳಿ ಕಾಗದದ ಮೇಲೆ ಬರೆದುಕೊಡುತ್ತಾರೆ.

ಇಪ್ಪತ್ತು ಕಿಲೋ ಅಂಟಿನ ಚೀಲ ಹೊತ್ತು ಮೂರು ಮಹಡಿ ಹತ್ತುವುದು ದಿನಕ್ಕೆ ಆರೇಳು ಸಲ. ನೆಲ ಪ್ರತಿ ಮೀಟರಿಗೆ ಎರಡು ಸೆಂಟಿಮೀಟರ್ ಇಳಿಯಬೇಕು. ಕಮ್ಮಿಯಾದರೆ ನೀರು ನಿಲ್ಲುತ್ತದೆ, ಜಾಸ್ತಿಯಾದರೆ ಮುದುಕರ ಕಾಲು ನಿಲ್ಲುವುದಿಲ್ಲ.

ಎಂಟು ವರ್ಷದ ಹಿಂದೆ ಒಂದು ಮನೆಯವರು ಕನ್ನಡಿಯಂಥ ಟೈಲ್ಸ್ ತಂದಿಟ್ಟರು. ಅಕ್ಕ ಬೇಡ ಅನ್ನಲಿಲ್ಲ, ಹಾಸಿಕೊಟ್ಟರು. ನಾಲ್ಕನೇ ದಿನ ಆ ಮನೆಯ ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಯಾರೂ ಇವರನ್ನು ದೂರಲಿಲ್ಲ. “ದೂರಿದ್ರೇ ಚೆನ್ನಾಗಿತ್ತು. ಜಾರತ್ತೆ ಅಂತ ನಂಗೆ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ,” ಅನ್ನುವಾಗ ಅಕ್ಕ ಕರಣೆಯನ್ನು ನೋಡುತ್ತಿರುತ್ತಾರೆ. ಅಂದಿನಿಂದ ಪ್ರತಿ ಹೊಸ ನೆಲಕ್ಕೂ ಸಾಬೂನು ನೀರು ಸುರಿದು, ಬರಿಗಾಲಲ್ಲಿ ಮೊದಲು ತಾವೇ ನಡೆಯುತ್ತಾರೆ.

ಅಕ್ಕ ಈ ಟೀಚರ ಮನೆಗೆ ಮೊದಲು ಬಂದದ್ದು ಮೂರು ವಾರದ ಹಿಂದೆ. ಟೀಚರ ತಂದೆ ಎಂಬತ್ತರ ಹತ್ತಿರದ ದರ್ಜಿ; ಪಾರ್ಶ್ವವಾಯು ಬಡಿದು ಎಡಗಾಲು ಸೋತಿದೆ. ಮೊಣಕಾಲೆತ್ತರದ ಟಬ್ ದಾಟಲು ಆಗುವುದಿಲ್ಲ. ಐದು ತಿಂಗಳಿಂದ ಮಗಳೇ ಕುರ್ಚಿಯಲ್ಲಿ ಕೂರಿಸಿ ಮೈ ಒರೆಸುತ್ತಿದ್ದಾರೆ. ಅಕ್ಕ ಮೂರು ದಾರಿ ಹೇಳಿದರು. ಹಳೇ ಟಬ್ ಉಳಿಸಿಕೊಂಡು ಬಣ್ಣ ಬಳಿಸಿ, ಹಿಡಿದುಕೊಳ್ಳಲು ಗೋಡೆಗೆ ಹಿಡಿ ಹಾಕಿಸಿದರೆ ಹನ್ನೆರಡು ಸಾವಿರ, ಎರಡು ದಿನ. ಟಬ್ಬಿನ ಗೋಡೆ ಕೊಯ್ದು ಪುಟ್ಟ ಬಾಗಿಲಿಟ್ಟರೆ ನಲವತ್ತೈದು; ಆದರೆ ನೀರು ತುಂಬಿ ಖಾಲಿಯಾಗುವವರೆಗೂ ಒಳಗೇ ನಡುಗುತ್ತ ಕೂತಿರಬೇಕು. ಟಬ್ ಪೂರ್ತಿ ಕಿತ್ತು, ಮೆಟ್ಟಿಲಿಲ್ಲದ ಶವರ್ ಮಾಡಿ, ಒರಟು ಟೈಲ್ಸ್, ಮಡಚುವ ಪೀಠ, ಗಾಜಿನ ತಡೆ ಎಲ್ಲ ಸೇರಿದರೆ ಎಂಬತ್ತು. ಟೀಚರ ಕೈಯಲ್ಲಿದ್ದದ್ದು ಅರವತ್ತು. ಅವರ ತಮ್ಮ ಫೋನಿನಲ್ಲಿ, “ಟಬ್ ಇದ್ರೆ ಮನೆಗೆ ಬೆಲೆ, ಬಣ್ಣ ಬಳಿಸಿಬಿಡು ಅಕ್ಕಾ,” ಎಂದಿದ್ದರು.

ಅಲ್ಲೇ ಮಂಚದಲ್ಲಿದ್ದ ದರ್ಜಿಯನ್ನು ಯಾರೂ ಕೇಳಿರಲಿಲ್ಲ. ಟೈಲ್ಸ್ ಅಕ್ಕ ಕೇಳಿದರು: “ನಿಮಗೇನು ಬೇಕು ತಾತ?”

“ಬಾಗ್ಲು ಹಾಕ್ಕೊಂಡು ಒಬ್ಬನೇ ಸ್ನಾನ ಮಾಡ್ಬೇಕು.”

ಟೀಚರ್ ಮುಖ ತಿರುಗಿಸಿ ಕಿಟಕಿಯತ್ತ ಹೋದರು. ಅಕ್ಕ ಕಾಗದ ತಿರುವಿ ಹೊಸದಾಗಿ ಬರೆದರು. ಗಾಜು ಬೇಡ, ಪರದೆ ಸಾಕು. ಹದಿಮೂರು ಸಾವಿರ ಉಳಿಯಿತು. ಗೋಡೆಗೆ ಟೈಲ್ಸ್ ಭುಜದವರೆಗೆ, ನಲ್ಲಿ ಇದ್ದಲ್ಲೇ ಇರಲಿ. ಇನ್ನೂ ಏಳು ಉಳಿಯಿತು. ಅರವತ್ತಕ್ಕೆ ಬಂದು ನಿಂತಿತು. ಅದರಲ್ಲಿ ಅಕ್ಕನ ಕೂಲಿ ಹದಿನಾರು.

ಈಗ ಅಕ್ಕ ಸೋರುವ ಮೂಲೆಯನ್ನು ಹುಡುಕಿ ಒಡೆದು, ನೀರು ಇಳಿಯದಂತೆ ಮತ್ತೆ ಲೇಪ ಹಾಕಿ, ಇನ್ನೊಮ್ಮೆ ನೀರು ನಿಲ್ಲಿಸುತ್ತಾರೆ. ಈ ಸಲ ನೀರು ಗೆರೆ ಬಿಟ್ಟು ಕದಲುವುದಿಲ್ಲ. ಟೈಲ್ಸ್ ಕೂರುತ್ತದೆ. ಗೋಡೆಯ ಹಿಡಿ ಹಾಕುವ ದಿನ ದರ್ಜಿ ತಮ್ಮ ಹಳೇ ಟೇಪ್ ತರಿಸಿಕೊಂಡು, ಬಲಗೈ ಎಲ್ಲಿಗೆ ಎಟುಕುತ್ತದೆಂದು ತಾವೇ ಅಳೆಯುತ್ತಾರೆ. “ಅರ್ಧ ಇಂಚು ಕೆಳಗೆ,” ಎಂದು ತಕರಾರು ತೆಗೆಯುತ್ತಾರೆ. “ಸರಿ ಮಾಸ್ಟ್ರೇ,” ಎಂದು ಅಕ್ಕ ಗುರುತು ಅಳಿಸುತ್ತಾರೆ.

ಭಾನುವಾರ ಬೆಳಿಗ್ಗೆ ದರ್ಜಿ ಕೋಲೂರಿ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಟೀಚರ್ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ.

“ಮುಗೀತಾ ಅಪ್ಪಾ?”

“ಸೋಪು ಈಗ ತಗೊಂಡಿದೀನಿ!” ಒಳಗಿನಿಂದ ಗದರಿಕೆ.

ಟೈಲ್ಸ್ ಅಕ್ಕ ನಡುಮನೆಯಲ್ಲಿ ಸಾಮಾನು ಚೀಲದ ಪಕ್ಕ ಕೂತು ಟೀ ಕುಡಿಯುತ್ತಿದ್ದಾರೆ. ಕೂಲಿ ಆಗಲೇ ಕೈಸೇರಿದೆ, ಇನ್ನೊಂದು ಮನೆಗೆ ಹೋಗಬೇಕಿದೆ, ಆದರೂ ಎದ್ದಿಲ್ಲ.

“ಕೂತ್ಕೊಳ್ಳಿ ಟೀಚರೇ, ಐದು ತಿಂಗಳ ಸ್ನಾನ ಬಾಕಿ ಇದೆ ಅವರದು,” ಅನ್ನುತ್ತಾರೆ. ಆಮೇಲೆ ಲೋಟ ಕೆಳಗಿಟ್ಟು, ಬಚ್ಚಲಿನ ಕಡೆ ತಲೆ ವಾಲಿಸುತ್ತಾರೆ. “ನೀರು ಹೋಗೋ ಸದ್ದು ಕೇಳಿ. ಎಲ್ಲೂ ನಿಲ್ತಿಲ್ಲ.”