ಒಂದೇ ಕೀರ್ತನೆಗೆ ಎರಡು ರಾಗ

ಮದುವೆಯಾದಾಗಿನಿಂದ ಟೈಲರ್ ಮಾಸ್ಟರ ಭಾನುವಾರ ಒಂದೇ ಥರ. ಗಂಡ ಹೆಂಡತಿ ಒಟ್ಟಿಗೆ ಮನೆಗೆ ಬೀಗ ಹಾಕಿ, ಔಷಧಿ ಅಂಗಡಿಯ ತಿರುವಿನವರೆಗೆ ಒಟ್ಟಿಗೆ ನಡೆಯುವುದು. ಅಲ್ಲಿಂದ ಅವರು ಎಡಕ್ಕೆ, ಆಂಗ್ಲಿಕನ್ ಚರ್ಚಿಗೆ. ಆಕೆ ಬಲಕ್ಕೆ, ಮೆಥೊಡಿಸ್ಟ್ ಚರ್ಚಿಗೆ. ಮದುವೆಗೆ ಮುಂಚೆ ಎರಡೂ ಮನೆಯವರು ಈ ವಿಷಯಕ್ಕೆ ಹಗ್ಗ ಜಗ್ಗಿದ್ದರು. ಹುಡುಗನೂ ಜಗ್ಗಲಿಲ್ಲ, ಹುಡುಗಿಯೂ ಜಗ್ಗಲಿಲ್ಲ. ಆಮೇಲೆ ಅದು ಇಬ್ಬರಿಗೂ ರೂಢಿಯಾಗಿ ಹೋಯಿತು.

ಆರಾಧನೆ ಮುಗಿಸಿ ಮೊದಲು ಬಂದವರು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕಾಯಬೇಕು. ಕಾಯುತ್ತಿದ್ದದ್ದು ಸಾಮಾನ್ಯವಾಗಿ ಆಕೆಯೇ. ಆಂಗ್ಲಿಕನ್ನರ ಆರ್ಗನ್ ಮಾಸ್ಟರ ಕೈಯಲ್ಲಿತ್ತು, ಅವರ ಕೈಗೆ ಸಿಕ್ಕ ಯಾವ ಕೀರ್ತನೆಯೂ ಬೇಗ ಮುಗಿದದ್ದಿಲ್ಲ.

"ನಿಮ್ಮ ಕೊನೇ ಚರಣ ಮುಗಿಯೋಷ್ಟರಲ್ಲಿ ನಾನು ಮನೆಗೆ ಹೋಗಿ ಅಡುಗೆ ಮಾಡಿ ವಾಪಸ್ ಬರಬಹುದಿತ್ತು ಕಣ್ರೀ."

"ದೇವರಿಗೇನು ಬಸ್ಸು ತಪ್ಪಿ ಹೋಗುತ್ತಾ?"

ಎರಡೂ ಸಭೆಗಳ ಹಿರಿಯರು ಐಕ್ಯದ ಬಗ್ಗೆ ಬಹಳ ವರ್ಷ ಚಹಾ ಕುಡಿಯುತ್ತ ಮಾತಾಡಿದ್ದರು. ಕೊನೆಗೆ ಕೆಲಸ ಮಾಡಿದ್ದು ಮೆಥೊಡಿಸ್ಟ್ ಚರ್ಚಿನ ಚಾವಣಿ. ಅದರ ತೊಲೆ ಬಿರುಕು ಬಿಟ್ಟಿತು, ನಗರಸಭೆಯವರು ಬಾಗಿಲು ಮುಚ್ಚಿಸಿದರು. ಆಂಗ್ಲಿಕನ್ ಚರ್ಚಿನಲ್ಲೇ ಎಲ್ಲರೂ ಕೂಡಿ ಆರಾಧಿಸಿ ನೋಡುವುದು, ಹೊಂದಿಕೆಯಾಗದಿದ್ದರೆ ಮೆಥೊಡಿಸ್ಟರು ಊರಾಚೆಯ ತಮ್ಮದೇ ಇನ್ನೊಂದು ಚರ್ಚಿಗೆ ಹೋಗುವುದು ಎಂದು ತೀರ್ಮಾನವಾಯಿತು. ಅಲ್ಲಿಗೆ ಎರಡು ಬಸ್ಸು ಹತ್ತಬೇಕು. ಮಾಸ್ಟರ ಹೆಂಡತಿಗೆ ಮಂಡಿನೋವು, ಮನೆಯ ಮೆಟ್ಟಿಲಿಳಿಯಲೇ ಗೋಡೆ ಹಿಡಿಯುತ್ತಿದ್ದರು.

"ಅವರು ಹೋದರೆ ಹೋಗಲಿ, ನೀನು ನನ್ನ ಜೊತೆ ಬಾ" ಎಂದರು ಮಾಸ್ಟರು.

"ನಮ್ಮವರೆಲ್ಲ ಬಸ್ಸಲ್ಲಿ ಹೋಗ್ತಾರೆ, ನಾನೊಬ್ಬಳು ನಿಮ್ಮಲ್ಲಿ ನೆಂಟರ ಥರ ಕೂತ್ಕೋಬೇಕಾ? ಕೂತರೆ ಎಲ್ಲರೂ ಕೂತ್ಕೋತೀವಿ. ಇಲ್ಲಾಂದ್ರೆ ನಾನು ಮನೇಲಿರ್ತೀನಿ."

ಹಾಡಿಲ್ಲದ ಭಾನುವಾರ ಆಕೆಯ ಮುಖ ಹೇಗಿರುತ್ತದೆಂದು ಮಾಸ್ಟರು ಆಕೆಗೆ ಜ್ವರ ಬಂದು ಚರ್ಚು ತಪ್ಪಿದಾಗ ಒಮ್ಮೆ ನೋಡಿದ್ದರು. ಇನ್ನೊಮ್ಮೆ ನೋಡುವ ಧೈರ್ಯ ಅವರಿಗಿರಲಿಲ್ಲ.

ಮೊದಲ ಭಾನುವಾರ ಆಕೆ ಚೂರು ಬಟ್ಟೆಯ ದಿಂಬೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. "ನಿಮ್ಮ ಬೆಂಚು ಕಲ್ಲಿನ ಹಾಗಿರುತ್ತಂತೆ" ಎಂದರು.

ಹಿರಿಯರು ದೊಡ್ಡ ತೊಡಕುಗಳನ್ನೆಲ್ಲ ಮೊದಲೇ ಬಿಡಿಸಿದ್ದರು. ಪ್ರಭು ಭೋಜನಕ್ಕೆ ಆಂಗ್ಲಿಕನ್ನರ ಒಂದೇ ದೊಡ್ಡ ಬಟ್ಟಲು, ಮೆಥೊಡಿಸ್ಟರ ಪುಟ್ಟ ಪುಟ್ಟ ಲೋಟಗಳು, ಎರಡೂ ಒಂದೇ ಮೇಜಿನ ಮೇಲೆ. ಪ್ರಾರ್ಥನೆ ಒಂದು ವಾರ ಪುಸ್ತಕ ನೋಡಿ, ಇನ್ನೊಂದು ವಾರ ಮನಸ್ಸಿಗೆ ಬಂದಂತೆ. ಕೀರ್ತನೆಯ ಚಿಂತೆ ಮಾತ್ರ ಯಾರಿಗೂ ಬರಲಿಲ್ಲ. ಎರಡೂ ಕಡೆಯವರಿಗೆ ಬಾಯಿಪಾಠವಿದ್ದ ಒಂದನ್ನು ಆರಿಸಿದರು. ಎಡವಿದ್ದೇ ಅಲ್ಲಿ. ಪದಗಳು ಒಂದೇ, ಆದರೆ ಎರಡು ಸಭೆಗಳಲ್ಲೂ ರಾಗ ಬೇರೆ ಬೇರೆ.

ಮಾಸ್ಟರು ತಮ್ಮ ರಾಗ ಎತ್ತಿಕೊಂಡರು. ಮೆಥೊಡಿಸ್ಟರು ಎದ್ದು ನಿಂತು ತಮ್ಮ ರಾಗದಲ್ಲಿ ಶುರು ಹಚ್ಚಿದರು. ಆಂಗ್ಲಿಕನ್ನರು ಆರ್ಗನ್ನಿನ ಸೆರಗು ಹಿಡಿದು ಹಿಂದೆ ಉಳಿದರು. ಮೆಥೊಡಿಸ್ಟರು ಹಾಡಿ ಮುಗಿಸಿ ಆಮೆನ್ ಅಂದಾಗ ಇವರಿನ್ನೂ ನಡುವಿನ ಚರಣದಲ್ಲಿದ್ದರು. ಎಲ್ಲಕ್ಕಿಂತ ಎತ್ತರದ ದನಿ ಮಾಸ್ಟರ ಹೆಂಡತಿಯದು. ಆಕೆ ಚರ್ಚಿನಲ್ಲಿ ಹಾಡುವುದನ್ನು ಅವರು ಕೇಳಿದ್ದು ಅದೇ ಮೊದಲು, ಅದೂ ತಮ್ಮ ವಿರುದ್ಧ.

ಹೊರಗೆ ಮೆಥೊಡಿಸ್ಟರ ಹಿರಿಯರು ಮಾಸ್ಟರನ್ನು ಪಕ್ಕಕ್ಕೆ ಕರೆದರು. ವೃತ್ತಿಯಿಂದ ಅವರು ಹಲ್ಲಿನ ಡಾಕ್ಟರು. "ಮಾಸ್ಟ್ರೇ, ನಾನು ಹಲ್ಲು ಕೀಳೋವಾಗಲೂ ಇಷ್ಟು ಹೊತ್ತು ಎಳೆಯಲ್ಲ. ಇನ್ನೊಂದು ವಾರ ನೋಡೋಣ. ಆಗಲಿಲ್ಲ ಅಂದ್ರೆ ನಾವು ಬಸ್ಸು ಹತ್ತೋದೇ ವಾಸಿ."

ಆಕೆ ದಿಂಬು ಎತ್ತಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ಒಂದು ಕುಟುಕು ಮಾತೂ ಆಡಲಿಲ್ಲ. ಮಾಸ್ಟರಿಗೆ ದಿಗಿಲಾದದ್ದು ಆಗ.

ವಾರದ ನಡುವೆ ಹೊಲಿಗೆ ಅಂಗಡಿಯಲ್ಲಿ ಆಕೆ ಗುಂಡಿ ಹಚ್ಚುತ್ತ, ಎಂದಿನಂತೆ ಅದೇ ಕೀರ್ತನೆ ಗುನುಗುತ್ತಿದ್ದರು. ಮಾಸ್ಟರು ಪ್ಯಾಂಟಿನ ಅಂಚು ಹೊಲಿಯುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಮೆಷಿನ್ನಿನ ಪೆಡಲ್ಲಿನ ಮೇಲೆ ಅವರ ಕಾಲು ಆಡುತ್ತಿದ್ದದ್ದು ಆಕೆಯ ರಾಗಕ್ಕೆ, ಆಕೆಯ ವೇಗಕ್ಕೆ! ಇಷ್ಟು ವರ್ಷ ಭಾನುವಾರ ಆಂಗ್ಲಿಕನ್ ಆಗಿದ್ದ ಕಾಲು ಮಿಕ್ಕ ದಿನವೆಲ್ಲ ಮೆಥೊಡಿಸ್ಟ್ ಆಗಿಯೇ ಹೊಲಿದಿತ್ತು.

"ಯಾಕೆ ನಿಂತಿರಿ? ದಾರ ಹೋಯ್ತಾ?"

"ಇಲ್ಲ, ನೀನು ಹಾಡು."

ಮುಂದಿನ ಭಾನುವಾರ ಅದೇ ಕೀರ್ತನೆ ಇಡುವಂತೆ ಮಾಸ್ಟರು ಪಾದ್ರಿಗಳನ್ನು ಕೇಳಿಕೊಂಡರು. ಪಾದ್ರಿಗಳು ಒಲ್ಲದ ಮನಸ್ಸಿನಿಂದ ಒಪ್ಪಿದರು. ಆರ್ಗನ್ನಿನಿಂದ ತಮ್ಮದೇ ರಾಗ ಹೊರಟಾಗ ಮೆಥೊಡಿಸ್ಟರು ಬೆರಗಿನಿಂದ ಬಾಯಿ ತೆರೆದರು, ಹಾಡುವುದನ್ನೇ ಮರೆತರು. ಮೊದಲ ಸಾಲನ್ನು ಹಾಡಿದವರು ಮಾಸ್ಟರ ಹೆಂಡತಿಯೊಬ್ಬರೇ. ಎರಡನೆಯ ಸಾಲಿಗೆ ಮಿಕ್ಕ ಮೆಥೊಡಿಸ್ಟರೆಲ್ಲ ಸೇರಿದರು. ಎರಡನೆಯ ಚರಣಕ್ಕೆ ಆಂಗ್ಲಿಕನ್ನರೂ ಏದುಸಿರು ಬಿಡುತ್ತ ಹಿಂದೆ ಬಂದರು. ಕೊನೆಯ ಚರಣಕ್ಕೆ ಮಾಸ್ಟರು ತಮ್ಮ ಹಳೆಯ ರಾಗಕ್ಕೆ, ಹಳೆಯ ನಡಿಗೆಗೆ ಹೊರಳಿದರು. ಆಕೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕಾಯುವಾಗಿನ ಮುಖ ಮಾಡಿಕೊಂಡು, ಆದರೂ ಒಂದು ಸ್ವರ ತಪ್ಪದೆ, ಕೊನೆಯವರೆಗೆ ಹಾಡಿದರು.

"ಇಷ್ಟು ಓಡಿಸಿದರೆ ನನಗೆ ಉಸಿರು ಯಾರು ಕೊಡ್ತಾರಪ್ಪಾ?" ಎಂದು ಆಂಗ್ಲಿಕನ್ನರ ಅಜ್ಜಿಯೊಬ್ಬರು ಗೊಣಗಿದರು. ಹಲ್ಲಿನ ಡಾಕ್ಟರು ಮಾತ್ರ ಬಸ್ಸಿನ ಸುದ್ದಿ ಎತ್ತಲಿಲ್ಲ. "ಮುಂದಿನ ವಾರ ಯಾರ ರಾಗದಿಂದ ಶುರು, ಮಾಸ್ಟ್ರೇ?" ಎಂದಷ್ಟೇ ಕೇಳಿದರು.

ಔಷಧಿ ಅಂಗಡಿ ದಾಟಿದ ಮೇಲೆ ಮಾಸ್ಟರಿಗೆ ಹೆಂಡತಿಯ ಕಂಕುಳು ಖಾಲಿ ಇರುವುದು ಕಂಡಿತು.

"ದಿಂಬು ಮರೆತು ಬಂದ್ಯಲ್ಲೇ! ತಡಿ, ತರ್ತೀನಿ."

"ಮರೆತಿಲ್ಲ, ಬನ್ನಿ. ನಮ್ಮ ಬೆಂಚಿನ ಮೇಲೇ ಇರಲಿ. ಆದ್ರೆ ಇನ್ನೊಂದು ಹೊಲಿದು ಕೊಡಿ, ಸ್ವಲ್ಪ ದಪ್ಪಗೆ. ನಿಮ್ಮ ಕೊನೇ ಚರಣಕ್ಕೆ ಕೂತ್ಕೊಂಡೇ ಕಾಯ್ತೀನಿ."